ಆಟದ ಬಸ್ಸಿಗೊಂದು ಮನವಿ

"ನಿಮ್ಮಣ್ಣಂಗೆ ಆಟದ ಬಸ್ ಬೇಕಂತೆ," ಎಂದು ಅತ್ತಿಗೆ ಗುಂಡ್ಲುಪೇಟೆಯಿಂದ ಫೋನು ಮಾಡಿದಾಗ ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಕಾರ್ತಿಕದ ಮದುವೆಗಳ ಕಾಲ. ಚಾಮರಾಜನಗರದ ನನ್ನ ಟೈಲರಿಂಗ್ ಅಂಗಡಿಯಲ್ಲಿ ಬ್ಲೌಸ್ ಪೀಸುಗಳು ರಾಶಿ ಬಿದ್ದಿದ್ದವು. ಕೈಯಲ್ಲಿ ಕತ್ತರಿ, ಭುಜಕ್ಕೂ ಕಿವಿಗೂ ನಡುವೆ ಫೋನು. "ಮನೇಲಿ ಒಂದ್ ಕೂಸಿಲ್ಲ ಕುನ್ನಿಯಿಲ್ಲ, ಇವ್ನಿಗ್ಯಾಕಂತೆ ಆಟದ್ ಸಾಮಾನು?" ಎಂದೆ. "ನೀನೇ ಕೇಳ್ಕೊ ತಾಯಿ, ನಂಗಂತೂ ತಲೆಬುಡ ಅರ್ತ ಆಗ್ನಿಲ್ಲ," ಎಂದು ಅತ್ತಿಗೆ ಫೋನಿಟ್ಟರು.

ಅಣ್ಣ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಚಾಮರಾಜನಗರ, ಮತ್ತೆ ವಾಪಸ್. ಅವನ ಸರ್ವಿಸಿನ ಬಹುಪಾಲು ಅದೇ ರಸ್ತೆಯಲ್ಲಿ ಸವೆದಿತ್ತು. ನಡುವೆ ಒಂದಷ್ಟು ಕಾಲ ಬಂಡೀಪುರದ ಕಾಡು ದಾಟಿ ಊಟಿ ರೂಟಿಗೂ ಹೋದ. ಕೊನೆಗೆ ಸಕ್ಕರೆ ಕಾಯಿಲೆ ಬಂದು ಎಡಗಣ್ಣನ್ನು ತಿಂದುಹಾಕಿ ಬಲಗಣ್ಣಿಗೂ ಬಾಯಿ ಹಾಕಿತು. ಡಿಪೋದ ಕಣ್ಣಿನ ಪರೀಕ್ಷೆಯಲ್ಲಿ ಫೇಲಾದ ಮೇಲೆ ಸ್ಟೀರಿಂಗ್ ಬಿಡಿಸಿ ಆಫೀಸಿನ ಬೆಂಚಿನ ಮೇಲೆ ಕೂರಿಸಿದರು. ಅಲ್ಲಿ ಕೂರಲಾರದೆ ಅವನೇ ಅವಧಿಗೆ ಮುಂಚೆ ನಿವೃತ್ತಿ ತೆಗೆದುಕೊಂಡ. "ಉಳಿದಿರೋದನ್ನ ಕಾಪಾಡ್ಕೊಳಿ," ಎಂದಿದ್ದರು ಮೈಸೂರಿನ ಡಾಕ್ಟರು. ಅದರ ಅರ್ಥ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಬಾಯಿ ಬಿಟ್ಟು ಯಾರೂ ಹೇಳುತ್ತಿರಲಿಲ್ಲ.

ಮುಂದಿನ ವಾರ ಅವನು ಕಣ್ಣು ತೋರಿಸಿಕೊಳ್ಳಲು ನಮ್ಮೂರಿನ ಆಸ್ಪತ್ರೆಗೆ ಬಂದವನು ಎಂದಿನಂತೆ ನನ್ನ ಅಂಗಡಿಗೂ ಬಂದ. ಒಬ್ಬನೇ ಬರುತ್ತಿದ್ದ. ಆ ರೂಟಿನ ಕಂಡಕ್ಟರುಗಳೆಲ್ಲ ಅವನ ಕೈಕೆಳಗೆ ಬೆಳೆದವರು, ಮುಂದಿನ ಸೀಟಿನಲ್ಲಿ ಕೂರಿಸಿ, ಇಳಿಸಿ, ನನ್ನ ಅಂಗಡಿಯ ತನಕ ಯಾರನ್ನಾದರೂ ಜೊತೆಗೆ ಕಳಿಸುತ್ತಿದ್ದರು. ಕೂತು ನೀರು ಕುಡಿದ ಮೇಲೆ ನಾನು ಸುಮ್ಮನಿರದೆ ಕೇಳಿದೆ, "ಏನಣ್ಣ ಅದು, ಆಟದ್ ಬಸ್ ಕತೆ?"

ಅವನು ನಾಚಿಕೊಳ್ಳಲಿಲ್ಲ. "ನಂಗೆ ಅದ್ರ ಮೂತಿ ಮರ್ತೋಯ್ತಾ ಅದೆ ಕಣಮ್ಮಿ," ಎಂದ.

"ಯಾರ್ ಮೂತಿ?"

"ನನ್ ಬಸ್ದು."

"ಎಂಡ್ತಿ ಮೂತಿ ಮರೀದಿದ್ರೆ ಸಾಕು ಬುಡು," ಎಂದೆ. ಬಟನ್ ಹೊಲಿಸಿಕೊಳ್ಳಲು ಬಂದಿದ್ದ ಹೆಂಗಸರು ನಕ್ಕರು. ಅಣ್ಣನೂ ನಕ್ಕ. ಆದರೆ ಮಾತು ಬಿಡಲಿಲ್ಲ. ಅವನು ಓಡಿಸುತ್ತಿದ್ದ ಹಳೆಯ ಕೆಂಪು ಬಸ್ಸುಗಳು ಈಗ ಒಂದೂ ಇಲ್ಲ. ಅವನದನ್ನು ಹರಾಜಿನಲ್ಲಿ ಗುಜರಿಗೆ ಹಾಕಿ ಗ್ಯಾಸ್ ಕಟ್ಟರಿನಲ್ಲಿ ತುಂಡು ಮಾಡಿದರಂತೆ. ಈಗಿನ ಬಸ್ಸುಗಳ ಮೂತಿಯೇ ಬೇರೆ. ಹಳೆಯದನ್ನು ನೆನೆಸಿಕೊಂಡು ಮಲಗಿದರೆ ಹೊಸದರ ಮೂತಿ ಅಡ್ಡ ಬರುತ್ತದೆ ಎಂದು ಹೇಳಿಕೊಂಡ. "ಈ ಕಣ್ಣು ಓಗೋಕ್ ಮುಂಚೆ ಒಂದ್ಸಲ ನೋಡ್ಬುಟ್ರೆ, ಆಮೇಲೆ ಮರಿಯಕಿಲ್ಲ," ಎಂದ. ಅಷ್ಟು ಹೊತ್ತಿಗೆ ನನ್ನ ಸಿಟ್ಟು ಎಲ್ಲಿಗೋ ಹೋಗಿತ್ತು. ಮಷೀನು ತುಳಿಯುತ್ತ ತಲೆ ಬಗ್ಗಿಸಿಕೊಂಡೆ.

ಇದನ್ನೆಲ್ಲ ಅವನ ತಲೆಗೆ ತುಂಬಿದವನು ಗುಂಡ್ಲುಪೇಟೆಯಲ್ಲಿ ಬೇಕರಿ ಇಟ್ಟಿರುವ ಒಬ್ಬ ಮಲಯಾಳಿ. ಮೂವತ್ತು ದಾಟಿದ, ಎರಡು ಮಕ್ಕಳ ತಂದೆ, ಆದರೂ ಬಸ್ಸಿನ ಹುಚ್ಚು. ಇಂಥವರದೇ ಒಂದು ಗುಂಪಿದೆ ಎಂದು ನನಗೆ ಆಗಲೇ ಗೊತ್ತಾದದ್ದು. ವಯನಾಡಿನಿಂದ ಮೈಸೂರಿನ ತನಕ ಹರಡಿಕೊಂಡಿದ್ದಾರೆ. ಭಾನುವಾರವಾದರೆ ಬೈಕು ಹತ್ತಿ ರಸ್ತೆ ತಿರುವಿನಲ್ಲಿ ನಿಂತು ಬಸ್ಸುಗಳ ಫೋಟೋ ಹಿಡಿಯುತ್ತಾರೆ, ಯಾವ ಡಿಪೋದ ಯಾವ ಗಾಡಿ ಎಂದು ಹಾರನ್ನಿನಲ್ಲೇ ಹೇಳುತ್ತಾರೆ. ಅಣ್ಣ ಅವರಿಗೆ ದೊಡ್ಡ ಮನುಷ್ಯ. ಸಂಜೆ ಬೇಕರಿಯ ಮುಂದೆ ಕೂರಿಸಿಕೊಂಡು ಚಹಾ ಕೊಟ್ಟು ಕಾಡಿನ ರಸ್ತೆಯ ಕಥೆ ಕೇಳುತ್ತಿದ್ದರು.

ಎಲ್ಲೋ ಉತ್ತರದ ಕಡೆಯ ಒಂದು ಆಟಿಕೆ ಕಂಪನಿ ಆ ಹಳೆಯ ಕೆಂಪು ಬಸ್ಸನ್ನು ಮೊಳದುದ್ದದ ಲೋಹದ ಗೊಂಬೆಯಾಗಿ ಮಾಡುತ್ತೇವೆ ಎಂದು ಹೇಳಿತ್ತು. ಬಾಗಿಲು ತೆರೆಯುತ್ತದೆ, ಸ್ಟೀರಿಂಗ್ ತಿರುಗಿಸಿದರೆ ಚಕ್ರ ತಿರುಗುತ್ತದೆ, ಗೇರು ಕೂಡ ಇದೆ. ಆದರೆ ಒಂದು ಷರತ್ತು. ಸಾಕಷ್ಟು ಜನ ಮೊದಲೇ ದುಡ್ಡು ಕಟ್ಟಿದರೆ ಮಾತ್ರ ಮಾಡುವುದು, ಗಡುವಿನೊಳಗೆ ಅಷ್ಟು ಜನ ಸೇರದಿದ್ದರೆ ಮಾಡುವುದೇ ಇಲ್ಲ. ಕ್ರೌಡ್‌ಫಂಡಿಂಗ್ ಎಂದ ಬೇಕರಿಯವನು. "ಚೀಟಿ ಹಾಕ್ದಂಗೇನಪ್ಪ?" ಎಂದು ಕೇಳಿದೆ. "ಅಲ್ಲ ಅಕ್ಕ, ಚೀಟೀಲಿ ತಿಂಗಳಿಗೆ ಒಬ್ಬರಿಗೆ ಬರುತ್ತೆ. ಇದ್ರಲ್ಲಿ ಎಲ್ರಿಗೂ ಒಟ್ಟಿಗೇ ಬರುತ್ತೆ, ಇಲ್ಲಾಂದ್ರೆ ಯಾರಿಗೂ ಇಲ್ಲ," ಎಂದ. ಅಣ್ಣನ ಹೆಸರಿನಲ್ಲೂ ಅವನೇ ಕಟ್ಟಿಸಿದ್ದ.

ಅಷ್ಟು ಜನ ಸೇರಲಿಲ್ಲ. ಇನ್ನೇನು ಆಯಿತು ಎನ್ನುವಷ್ಟರಲ್ಲಿ, ಕೊನೆಯ ದಿನ ದುಡ್ಡು ಕಟ್ಟಬೇಕಾದ ಕಂಪನಿಯ ಇಂಟರ್‌ನೆಟ್ ಪುಟವೇ ತೆರೆಯದೆ ಬಿದ್ದುಹೋಯಿತು. ಕಟ್ಟಲು ಕಾದಿದ್ದವರು ಅರ್ಧ ದಿನ ಮೊಬೈಲು ತಿಕ್ಕುತ್ತ ಕೂತರು. ಪುಟ ಎದ್ದು ಬರುವಷ್ಟರಲ್ಲಿ ಗಡುವು ಮುಗಿದು, 'ಯೋಜನೆ ಕೈಬಿಡಲಾಗಿದೆ' ಎಂಬ ಸಾಲು ಬಂದಿತ್ತು. ಎಲ್ಲರ ದುಡ್ಡೂ ಅವರವರ ಖಾತೆಗೆ ವಾಪಸ್ ಬಂತು. ಅಣ್ಣನಿಗೆ ಬಸ್ಸು ಇಲ್ಲವಾದದ್ದಕ್ಕಿಂತ ದುಡ್ಡು ತಿರುಗಿ ಬಂದದ್ದೇ ಹೆಚ್ಚು ಅವಮಾನವಾಯಿತು. ಮದುವೆ ಮನೆಯಲ್ಲಿ ಓದಿಸಿದ ಮುಯ್ಯಿಯನ್ನು ಮಾರನೇ ದಿನ ಮನೆ ಬಾಗಿಲಿಗೆ ತಂದು ಇಟ್ಟುಹೋದ ಹಾಗೆ ಎಂದು ಅತ್ತಿಗೆಯ ಹತ್ತಿರ ಹೇಳಿಕೊಂಡನಂತೆ.

ಬಸ್ಸಿನ ಹುಚ್ಚರು ಸುಮ್ಮನಾಗಲಿಲ್ಲ. ಪುಟ ಬಿದ್ದದ್ದು ಕಂಪನಿಯ ತಪ್ಪು, ಆದ್ದರಿಂದ ಈ ಫಲಿತಾಂಶವನ್ನು ರದ್ದು ಮಾಡಿ ಇನ್ನೊಂದು ವಾರ ಅವಕಾಶ ಕೊಡಿ ಎಂದು ಇಂಟರ್‌ನೆಟ್ಟಿನಲ್ಲಿ ಒಂದು ಮನವಿ ಹಾಕಿದರು. ಹೆಚ್ಚು ಸಹಿ ಬಿದ್ದಷ್ಟೂ ಒಳ್ಳೆಯದು ಎಂದು ಬೇಕರಿಯವನು ಅಣ್ಣನಿಗೆ ಹೇಳಿದ. ಹೇಳಬಾರದಿತ್ತು. ಸಹಿ ಹಾಕಿಸುವುದು ಎಂದರೆ ನಮ್ಮ ಕಡೆಯವರಿಗೆ ಹೊಸದಲ್ಲ. ಚರಂಡಿಗೆ, ಬಸ್ ಸ್ಟಾಪಿಗೆ, ಆನೆ ಕಂದಕಕ್ಕೆ, ಎಷ್ಟು ಮನವಿಗಳಿಗೆ ಎಷ್ಟು ಹೆಬ್ಬೆಟ್ಟು ಒತ್ತಿಲ್ಲ ನಾವು. ನಿನ್ನ ಮನವಿಗೆ ನಾನು, ನನ್ನ ಮನವಿಗೆ ನೀನು. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುವ ಹಾಗೆ. ಏನಿದೆ ಅದರಲ್ಲಿ ಎಂದು ಓದಿ ನೋಡುವ ಪದ್ಧತಿ ಇಲ್ಲ, ಕೇಳುತ್ತಿರುವವನು ಯಾರು ಎಂದು ನೋಡುತ್ತಾರೆ ಅಷ್ಟೆ.

ಕೇಳುತ್ತಿದ್ದವನು ಅಣ್ಣ. ಹೊಲದ ಬದುವಿನಿಂದ ಕೈ ಎತ್ತಿದರೂ ಬಸ್ಸು ನಿಲ್ಲಿಸಿ, ತರಕಾರಿ ಮೂಟೆ ಹತ್ತಿಸಿಕೊಂಡು, ಬಸುರಿ ಹೆಂಗಸರು ಹತ್ತಿದರೆ ಗುಂಡಿ ತಪ್ಪಿಸಿ ಓಡಿಸಿದ ಡ್ರೈವರು. ಸಂಕ್ರಾಂತಿ ಮುಗಿದ ವಾರ ಅವನು ತೆರಕಣಾಂಬಿಯಲ್ಲಿ ಇಳಿದು, ಬಸ್ ಸ್ಟಾಪಿನ ಪಕ್ಕದ ಆನ್‌ಲೈನ್ ಸೆಂಟರಿನಲ್ಲಿ ಕೂತ. ಅಲ್ಲಿ ಪಹಣಿ ತೆಗೆದುಕೊಡುವ, ಪಿಂಚಣಿ ಅರ್ಜಿ ಹಾಕುವ ಹೆಂಗಸು ಅಣ್ಣನ ಬಸ್ಸಿನಲ್ಲೇ ಓಡಾಡಿ ಕಾಲೇಜು ಮುಗಿಸಿದವಳು. "ಕೂತ್ಕೊಳಿ ಅಣ್ಣ, ಬಂದೋರ್ ಹೆಸ್ರನ್ನೆಲ್ಲ ನಾನು ಹಾಕ್ತಿನಿ," ಎಂದಳಂತೆ. ಸಂತೆಗೆ ಬಂದವರು, ಬಸ್ಸಿಗೆ ಕಾದವರು, ಹಂಗಳದ ಕಡೆಯಿಂದ ಬಂದಿದ್ದ ಫಾರೆಸ್ಟ್ ವಾಚರುಗಳು, ಎಲ್ಲರೂ ಹೆಸರು ಹೇಳಿ ಹೋದರು. ದಿನಗಟ್ಟಲೆ ಇದೇ ನಡೆಯಿತು. ಆಟಿಕೆ ಕಂಪನಿ ಎಂದು ಎಷ್ಟು ಜನಕ್ಕೆ ಗೊತ್ತಿತ್ತೋ. ಹಳೇ ಬಸ್ಸು ವಾಪಸ್ ಬಿಡುತ್ತಾರಂತೆ ಎಂದು ತಿಳಿದು ಸಂತೋಷಪಟ್ಟವರೂ ಇದ್ದರು.

ಅವಳು ಎಲ್ಲರ ಹೆಸರಿನ ಮುಂದೆಯೂ ತನ್ನದೇ ಫೋನ್ ನಂಬರು, ತನ್ನದೇ ಮೇಲ್ ಹಾಕಿದಳು. ದಿನವೂ ಅವಳು ಮಾಡುವುದೇ ಹಾಗೆ. ಯಾರದೋ ಪಿಂಚಣಿ ಅರ್ಜಿಗೆ ಓಟಿಪಿ ಬಂದರೆ ಅವರನ್ನು ಹೊಲದಿಂದ ಕರೆತರಲು ಆಗುತ್ತದೆಯೇ? ಅರ್ಧ ಊರಿನ ಸರ್ಕಾರಿ ಕೆಲಸ ಅವಳ ಒಂದು ಮೊಬೈಲಿನಲ್ಲಿ ನಡೆಯುತ್ತದೆ, ಯಾವ ಇಲಾಖೆಯೂ ಇದುವರೆಗೆ ತಕರಾರು ಮಾಡಿಲ್ಲ. ಮನವಿಯ ಪುಟವೂ ತಕರಾರು ಮಾಡದೆ ಎಲ್ಲವನ್ನೂ ನುಂಗಿಕೊಂಡಿತು. ಸಹಿಗಳ ಲೆಕ್ಕ ಕೇಳಿಕೊಂಡು ಅಣ್ಣ ನನ್ನ ಅಂಗಡಿಗೆ ಬಂದು, "ನಮ್ ತಾಲೂಕೇ ಮೇಲದೆ ಕಣಮ್ಮಿ, ಮೈಸೂರ್‌ನೋರು ಕೆಳಗವ್ರೆ," ಎಂದು ಎಲೆಕ್ಷನ್ ಫಲಿತಾಂಶ ಹೇಳುವವನ ಹಾಗೆ ಹೇಳಿದ. ಅವನ ಮುಖದಲ್ಲಿ ಆ ಬೆಳಕನ್ನು ನೋಡಿ ತುಂಬ ದಿನವಾಗಿತ್ತು.

ಕಂಪನಿಯ ಉತ್ತರ ಬಂದಾಗ ಅರಿಶಿನ ಬೇಯಿಸುವ ಕಾಲ. ಬೇಕರಿಯವನು ನನ್ನ ಮೊಬೈಲಿಗೆ ಕಳಿಸಿದ್ದ, ತಾನೇ ಓದಿ ಹೇಳುವ ಧೈರ್ಯ ಅವನಿಗೆ ಇರಲಿಲ್ಲ. ಅಣ್ಣ ಎದುರಿಗೇ ಕೂತಿದ್ದ. ಇಂಗ್ಲಿಷಿನಲ್ಲಿದ್ದದ್ದನ್ನು ನಾನು ನಿಧಾನವಾಗಿ ಕನ್ನಡ ಮಾಡುತ್ತ ಹೇಳಿದೆ. ಮನವಿಯನ್ನು ಪರಿಶೀಲಿಸಿದ್ದೇವೆ. ಅದರಲ್ಲಿನ ಬಹುತೇಕ ಸಹಿಗಳು ಒಂದೇ ಫೋನಿನಿಂದ, ಒಂದೇ ಜಾಗದಿಂದ ಬಂದಿವೆ. ಒಂದೇ ಹೆಸರು ಮತ್ತೆ ಮತ್ತೆ ಬಂದಿದೆ. ಇವು ನಿಜವಾದ ಮನುಷ್ಯರ ಸಹಿಗಳಲ್ಲ, ಯಂತ್ರದಿಂದ ಸೃಷ್ಟಿಸಿದವು ಎಂದು ಭಾವಿಸಬೇಕಾಗಿದೆ.

ಒಂದೇ ಹೆಸರು ಬಂದಿರುವುದು ನಿಜ. ನಮ್ಮ ಜಿಲ್ಲೆಯಲ್ಲಿ ಬೆಟ್ಟದ ದೇವರ ಹೆಸರಿಲ್ಲದ ಮನೆ ಯಾವುದಿದೆ? ಗಂಡಾದರೂ ಅದೇ, ಹೆಣ್ಣಾದರೆ ಅದಕ್ಕೇ ಒಂದು 'ಅಮ್ಮ' ಸೇರಿಸಿದರಾಯಿತು. ಒಂದೇ ಬೀದಿಯಲ್ಲಿ ಕೂಗಿದರೆ ನಾಲ್ಕು ಮನೆಯಿಂದ ಓಗೊಡುತ್ತಾರೆ. ಅದನ್ನು ಎಲ್ಲೋ ಕೂತ ಕಂಪನಿಯವರಿಗೆ ಯಾರು ಹೇಳಬೇಕು, ಹೇಗೆ ಹೇಳಬೇಕು.

ಅಣ್ಣ ತೊಡೆ ಸವರಿಕೊಂಡ. ಆಮೇಲೆ ಕೇಳಿದ, "ಅಂಗಾರೆ ನಾವ್ಯಾರೂ ಇಲ್ವಂತಾ?"

"ಅಂಗಲ್ಲ ಕಣಣ್ಣ. ಒಂದೇ ಫೋನಲ್ಲಿ ಹಾಕ್ಬುಟ್ರಲ್ಲ, ಅದ್ಕೆ ಅಂಗಂದವ್ರೆ."

"ಫೋನ್ ಒಂದಿದ್ರೆ ಮನುಸ್ರು ಒಬ್ರೇನಾ?" ಎಂದ. ಆನ್‌ಲೈನ್ ಸೆಂಟರಿನವಳನ್ನು ಬೈಯಬೇಕೆನ್ನಿಸಿತು. ಆದರೆ ಪಾಪ, ಊಟ ಬಿಟ್ಟು ಕೂತು ಹಾಕಿದ್ದಳು. ವಿಷಯ ತಿಳಿದು ಅವಳು ಅತ್ತಿಗೆಗೆ ಫೋನು ಮಾಡಿ ಅತ್ತಳಂತೆ.

ಉತ್ತರದ ಕೊನೆಯಲ್ಲಿ ಕಂಪನಿಯವರು ಒಂದು ದಾರಿ ಬಿಟ್ಟಿದ್ದರು. ಸಹಿ ಹಾಕಿದವರು ವಾರದೊಳಗೆ ಒಬ್ಬೊಬ್ಬರಾಗಿ ಒಂದು ಲಿಂಕ್ ತೆರೆದು ಮೊಬೈಲಿಗೆ ಮುಖ ತೋರಿಸಿ ತಾವು ಮನುಷ್ಯರೆಂದು ಖಚಿತಪಡಿಸಬೇಕು. ಹಾಗೆ ಸಾಕಷ್ಟು ಜನ ಖಚಿತವಾದರೆ ಫಲಿತಾಂಶವನ್ನು ಮತ್ತೆ ನೋಡುತ್ತೇವೆ ಎಂದಿದ್ದರು. ಬೇಕರಿಯವನು ಮತ್ತು ಅವನ ಗೆಳೆಯರು ಅಂಗಡಿ ಮುಂಗಟ್ಟು ಬಿಟ್ಟು ಬೈಕು ಹತ್ತಿದರು. ಮೊದಲು ಅಣ್ಣನದು ಆಗಲಿ ಎಂದು ಲಿಂಕನ್ನು ನನಗೆ ಕಳಿಸಿದರು.

ಮಧ್ಯಾಹ್ನ. ಅಂಗಡಿಯಲ್ಲಿ ಒಬ್ಬರು ಹೆಂಗಸು ಸೀರೆಗೆ ಫಾಲ್ ಹೊಲಿಸಿಕೊಳ್ಳಲು ಕೂತಿದ್ದರು. ನಾನು ಅಣ್ಣನ ಮುಖದ ಮುಂದೆ ಮೊಬೈಲು ಹಿಡಿದೆ. ಪರದೆಯ ಮೇಲೆ ಒಂದು ವೃತ್ತ, ಅದರೊಳಗೆ ಅವನ ಮುಖ, ಹಣೆಯ ವಿಭೂತಿ. ಒಂದು ಹಸಿರು ಚುಕ್ಕೆ ಬಂತು. ಅದು ಎತ್ತ ಹೋಗುತ್ತದೋ ಅತ್ತ ಕಣ್ಣು ಹೊರಳಿಸಬೇಕು.

"ಚುಕ್ಕೆ ನೋಡಣ್ಣ."

ಚುಕ್ಕೆ ಎಡಕ್ಕೆ ಹೋಯಿತು. ಅಣ್ಣ ನೇರವಾಗಿ ನೋಡುತ್ತಿದ್ದ. ಆಗಲಿಲ್ಲ, ಮತ್ತೆ ಪ್ರಯತ್ನಿಸಿ ಎಂದಿತು ಮೊಬೈಲು. ಮತ್ತೆ ಹಿಡಿದೆ. ಮತ್ತೆ ಅವನು ನೇರವಾಗಿಯೇ ನೋಡಿದ. ನನಗೆ ರೇಗಿತು. "ಎತ್ತಾಗ್ ನೋಡ್ತಾ ಇದ್ದಿಯೇ? ನಂಗೆ ಕೆಲ್ಸ ಬಿದ್ದದೆ, ಸರ್ಯಾಗ್ ನೋಡು!" ಎಂದು ಗದರಿದೆ. ಇನ್ನೊಂದು ಸಲವೂ ಆಗಲಿಲ್ಲ.

ಅಣ್ಣ ಆ ಹೆಂಗಸಿಗೆ ಕೇಳದ ಹಾಗೆ ದನಿ ತಗ್ಗಿಸಿದ. "ಎತ್ಲಾಗ್ ಓಯ್ತದೆ ಅಂತ ನೀ ಯೋಳ್ತಾ ಇರಮ್ಮಿ. ನಾ ತಿರುಗ್ಸ್ತಿನಿ."

ಆಗ ನನಗೆ ಗೊತ್ತಾಯಿತು. ಬಲಗಣ್ಣೂ ಹೋಗಿತ್ತು. ಮೊಬೈಲು ಕೆಳಗಿಟ್ಟೆ. "ಯಾವಾಗ್ನಿಂದ?" ಎಂದೆ. "ಹಬ್ಬಕ್ ಮುಂಚಿಂದ್ಲೇ," ಎಂದ. ಸಂಕ್ರಾಂತಿಗೆ ಮುಂಚೆ. ತೆರಕಣಾಂಬಿಯಲ್ಲಿ ದಿನಗಟ್ಟಲೆ ಕೂತು ಸಹಿ ಹಾಕಿಸುವಾಗ ಎದುರಿಗೆ ಬಂದವರ ಒಂದು ಮುಖವೂ ಅವನಿಗೆ ಕಂಡಿರಲಿಲ್ಲ, ದನಿಯಲ್ಲೇ ಗುರುತು ಹಿಡಿದು ಮಾತಾಡಿಸಿದ್ದ. ಅತ್ತಿಗೆಗೂ ಹೇಳಿರಲಿಲ್ಲ. ಆಸ್ಪತ್ರೆಗೆ ಬರುತ್ತಿದ್ದದ್ದು ನಮ್ಮ ಸಮಾಧಾನಕ್ಕೆ. ಅಲ್ಲಿ ಅವರು ಮಾಡುವುದು ಏನೂ ಉಳಿದಿರಲಿಲ್ಲ.

"ಮತ್ಯಾಕಣ್ಣ ಈ ಬಸ್ಸು? ನೋಡಕೇ ಆಗಕಿಲ್ವಲ್ಲ," ಎಂದೆ. ಕೇಳಬಾರದಿತ್ತು, ಬಾಯಿಂದ ಬಂದುಹೋಯಿತು.

"ಕೈಯ್ಗೆ ಸಿಕ್ರೆ ಸಾಕು ಕಣಮ್ಮಿ. ಸವ್ರಿದ್ರೆ ಮೂತಿ ಗೊತ್ತಾಯ್ತದೆ," ಎಂದ. "ಆ ಐಕ್ಳಿಗೆ ಯೋಳ್ಬೇಡ. ಪಾಪ, ನಾ ನೋಡ್ತಿನಿ ಅಂತ ಓಡಾಡ್ತಾವ್ರೆ."

ಅತ್ತರೆ ಅವನಿಗೆ ಕೇಳಿಸುತ್ತದೆ ಎಂದು ತುಟಿ ಕಚ್ಚಿಕೊಂಡು ಮತ್ತೆ ಮೊಬೈಲು ಹಿಡಿದೆ. "ಎಡಕ್ಕೆ," ಎಂದೆ. ಕಣ್ಣು ಎಡಕ್ಕೆ ಹೋಯಿತು. "ಬಲಕ್ಕೆ. ಇನ್ನೂ ಸ್ವಲ್ಪ. ಹಾ, ಮೇಲಕ್ಕೆ. ಸಾಕು." ಬಸ್ಸನ್ನು ರಿವರ್ಸ್ ತೆಗೆಯುವಾಗ ಹಿಂದೆ ನಿಂತ ಕಂಡಕ್ಟರು ಹೇಳುವ ಹಾಗೆ ಹೇಳುತ್ತ ಹೋದೆ, ಅವನು ಏನನ್ನೂ ಕಾಣದ ಕಣ್ಣುಗಳನ್ನು ಹೇಳಿದ ಹಾಗೆ ತಿರುಗಿಸುತ್ತ ಹೋದ. ಮೊಬೈಲು ಹಸಿರಾಯಿತು. ನೀವು ಮನುಷ್ಯರೆಂದು ಖಚಿತವಾಗಿದೆ, ಧನ್ಯವಾದ ಎಂದು ಬಂತು. ಓದಿ ಹೇಳಿದೆ. "ಆಯ್ತಲ್ಲ," ಎಂದ.

ಉಳಿದವರದು ಆಗಲಿಲ್ಲ. ಅರಿಶಿನ ಕೀಳುವ, ಬೇಯಿಸುವ ದಿನಗಳಲ್ಲಿ ಜನ ಮನೆಯಲ್ಲಿ ಸಿಗುವುದೇ ಇಲ್ಲ. ಸಿಕ್ಕವರಲ್ಲಿ ಕೆಲವರು ಮುಖ ತೋರಿಸಲು ಹೆದರಿದರು. ಹಿಂದೆ ಯಾರೋ ಹೀಗೇ ಬಂದು ಮುಖ ಹಿಡಿದುಕೊಂಡು ಹೋಗಿ ಖಾತೆಯಲ್ಲಿದ್ದದ್ದನ್ನು ಬಳಿದಿದ್ದರಂತೆ. ಡ್ರೈವರಣ್ಣ ಬಂದರೆ ತೋರಿಸುತ್ತೇವೆ ಎಂದರು ಇನ್ನು ಕೆಲವರು. ಅಣ್ಣ ಎಲ್ಲಿಗೆಂದು ಹೋಗಬೇಕು. ಬೇಕರಿಯವನು ಮೂಡ್ಲಹಳ್ಳಿ ಪಡ್ಲಹಳ್ಳಿ ಎಲ್ಲ ತಿರುಗಿ ಬಿಸಿಲಿಗೆ ಕಪ್ಪಾಗಿಹೋದ. ಗಡುವು ಮುಗಿದ ಮೇಲೆ ಕಂಪನಿಯಿಂದ ಎರಡೇ ಸಾಲು ಬಂತು. ಸಾಕಷ್ಟು ಜನ ಖಚಿತವಾಗಿಲ್ಲ. ಫಲಿತಾಂಶದಲ್ಲಿ ಬದಲಾವಣೆ ಇಲ್ಲ.

ಅದನ್ನು ಹೇಳಲು ನಾನೇ ಗುಂಡ್ಲುಪೇಟೆಗೆ ಹೋದೆ. ಅಣ್ಣ ಜಗುಲಿಯ ಮೇಲೆ ಕೂತಿದ್ದ. ಅಷ್ಟರಲ್ಲಿ ಅತ್ತಿಗೆಗೂ ಕಣ್ಣಿನ ವಿಷಯ ಗೊತ್ತಾಗಿ, ಅತ್ತು, ಬೈದು, ಈಗ ಒಳಗೆ ಅಕ್ಕಿ ಆರಿಸುತ್ತಿದ್ದರು. ನಾನು ಎರಡು ಸಾಲನ್ನೂ ಹೇಳಿದೆ.

"ಓಗ್ಲಿ ಬುಡು," ಎಂದ. "ಅದ್ರಲ್ಲಿ ಬಸ್ ಫೋಟೋ ಹಾಕಿದ್ರಲ್ಲ. ತೆಗ್ದು, ಎಂಗದೆ ಅಂತ ಯೋಳು ನಂಗೆ. ಮುಂದ್‌ಗಡಿಂದ ಸುರು ಮಾಡು."

ಮೊಬೈಲಿನಲ್ಲಿ ಆ ಪುಟ ತೆರೆದೆ. ಬಿಳಿ ಪರದೆಯ ನಡುವೆ ಒಂದು ಸಾಲು, ಈ ಪುಟ ಈಗ ಇಲ್ಲ ಎಂದು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೇಕರಿಯವನ ಹತ್ತಿರ ಫೋಟೋ ಇರುತ್ತದೆ, ಸಂಜೆ ಕೇಳೋಣ ಎಂದೆ.

"ಅವುನ್ಯಾಕೆ? ನೀನೇ ನೋಡಿದ್ದಿಯಲ್ಲ ಅಷ್ಟ್ ದಿನ. ಯೋಳು, ಮೂತಿ ಎಂಗಿತ್ತು?"

ನೋಡಿದ್ದೆ. ಆ ಪುಟವನ್ನು ತಿಂಗಳುಗಟ್ಟಲೆ ದಿನವೂ ತೆರೆದಿದ್ದೆ. ಷರತ್ತು, ಗಡುವು, ಎಷ್ಟು ಜನ ಸೇರಿದರು ಎಂಬುದು, ಒಂದೊಂದು ಸಾಲನ್ನೂ ಓದಿದ್ದೆ. ಆ ಸಾಲುಗಳ ಮೇಲೆ ದೊಡ್ಡದಾಗಿ ಒಂದು ಬಸ್ಸಿನ ಚಿತ್ರ ಇತ್ತು. ಅದಕ್ಕೂ ಮುಂಚೆ, ಮದುವೆಯಾಗಿ ಈ ಊರು ಬಿಟ್ಟ ಮೇಲೆ, ಎಷ್ಟು ವರ್ಷ ಅದೇ ಬಸ್ಸು ಹತ್ತಿ ತವರಿಗೆ ಬಂದು ಹೋಗಿಲ್ಲ ನಾನು. ಮುಂದಿನ ಗಾಜು ಒಂದೇ ಇತ್ತೋ ಎರಡಿತ್ತೋ, ದೀಪಗಳು ದುಂಡಗಿದ್ದವೋ ಚೌಕವೋ, ಬೋರ್ಡು ಎಲ್ಲಿತ್ತು, ಎಷ್ಟು ಯೋಚಿಸಿದರೂ ಕಣ್ಣಿಗೆ ಬರಲಿಲ್ಲ.

"ಕೆಂಪಗಿತ್ತು ಕಣಣ್ಣ," ಎಂದೆ.

"ಊಂ," ಎಂದ ಅವನು, ಮುಖವನ್ನು ನನ್ನ ಕಡೆ ತಿರುಗಿಸಿ. "ಆಮೇಲೆ?"